ಸೊಳ್ಳೆಯನ್ನು ಒಂಟೆ ಮಾಡುವವರು ಇಂಗ್ಲಿಷ್ ಕಲಿಯುವಾಗ

ಕೇಳುಗರಿಗೆ ನಮಸ್ಕಾರ.

ಚಿಕ್ಕ ಮಾತನ್ನು ಯಾರಾದರೂ ದೊಡ್ಡದು ಮಾಡಿದರೆ ಕಡ್ಡಿಯನ್ನು ಗುಡ್ಡ ಮಾಡಿದ ಅಂತೀವಿ ನಾವು. ಚೆಕ್ ಜನ ಸೊಳ್ಳೆಯನ್ನು ಒಂಟೆ ಮಾಡಿದ ಅನ್ನುತ್ತಾರೆ. ಯುರೋಪಿನ ನಡುವಿನ ಈ ಪುಟ್ಟ ದೇಶದವರು ಇಂಗ್ಲಿಷ್ ನುಡಿಗಟ್ಟುಗಳನ್ನು ಹೇಗೆ ಕಲಿಯಬೇಕು ಅನ್ನುವುದು ಇವತ್ತಿನ ಮಾತು.

ಅಲ್ಲಿ 1989ರ ಕೊನೆಯಲ್ಲಿ ಕಮ್ಯುನಿಸ್ಟ್ ಆಡಳಿತ ಬೀಳುವವರೆಗೆ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿತ್ತು. ಅದು ಚೆಕ್ ನುಡಿಗೆ ನೆಂಟ, ಎರಡೂ ಸ್ಲಾವಿಕ್ ಭಾಷೆಗಳು. ಅದಕ್ಕೂ ಹಿಂದೆ, 1918ರವರೆಗೆ, ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಕಾಲ. ಆಗ ನೂರಾರು ವರ್ಷ ಜರ್ಮನ್ ಜೊತೆಗೇ ಬಾಳಿದರು. ಆ ಒಡನಾಟ ಇವತ್ತಿಗೂ ಮಾತಿನಲ್ಲಿ ಕಾಣುತ್ತದೆ. ವಿಷಯಕ್ಕೆ ಬಾರದೆ ಸುತ್ತಿಬಳಸಿ ಮಾತಾಡುವವನು ಎರಡೂ ಭಾಷೆಯಲ್ಲಿ ಬಿಸಿ ಗಂಜಿಯ ಸುತ್ತ ಸುತ್ತುತ್ತಾನೆ. ಇಂಗ್ಲಿಷಿನಲ್ಲಿ ಅವನೇ ಪೊದೆಯ ಸುತ್ತ ಬಡಿಯುತ್ತಾನೆ. ಒಳ್ಳೆಯದಾಗಲಿ ಅಂತ ಹಾರೈಸಲು ಚೆಕ್ಕರೂ ಜರ್ಮನರೂ ಹೆಬ್ಬೆರಳು ಹಿಡಿದರೆ, ಇಂಗ್ಲಿಷಿನವರು ಬೆರಳ ಮೇಲೆ ಬೆರಳು ಹಾಕುತ್ತಾರೆ. ಏನೂ ತಿಳಿಯದ ವಿಷಯ ಇಂಗ್ಲಿಷರಿಗೆ ಗ್ರೀಕ್, ಚೆಕ್ಕರಿಗೆ ಸ್ಪೇನಿನ ಹಳ್ಳಿ. ಜರ್ಮನರಿಗೋ, ಅದು ಬೊಹೆಮಿಯಾದ ಹಳ್ಳಿ. ಬೊಹೆಮಿಯಾ ಅಂದರೆ ಚೆಕ್ಕರ ಸ್ವಂತ ನಾಡು!

ಕೆಲವು ಸುಲಭವಾಗಿ ಹೊಂದುತ್ತವೆ. ರಂಗದ ಮೇಲೆ ಹೋಗುವವನಿಗೆ ಇಂಗ್ಲಿಷಿನವರು 'ಬ್ರೇಕ್ ಎ ಲೆಗ್' ಅಂದರೆ ಚೆಕ್ಕನಿಗೆ ಗಾಬರಿಯಿಲ್ಲ. ಅವನ ಭಾಷೆಯಲ್ಲಿ ಇದೇ ಹಾರೈಕೆ 'ಕುತ್ತಿಗೆ ಮುರಿದುಕೋ' ಅಂತ ಇದೆ.

ಇವೆಲ್ಲ ಕೇಳಲು ಚೆಂದ. ಆದರೆ ಕಲಿಯುವವರ ಹೊತ್ತೆಲ್ಲ ಇಂಥ ಬಣ್ಣದ ಮಾತುಗಳಿಗೇ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜೋರು ಮಳೆಗೆ ಬೆಕ್ಕು ನಾಯಿ ಸುರಿಯುತ್ತಿವೆ ಅನ್ನುವ ಇಂಗ್ಲಿಷ್ ಮಾತನ್ನು ಮಕ್ಕಳು ಖುಷಿಯಿಂದ ಕಲಿಯುತ್ತಾರೆ. ಚೆಕ್‌ನಲ್ಲಿ ತಳ್ಳುಗಾಡಿಗಳೇ ಬೀಳುತ್ತವಲ್ಲ, ಅದಕ್ಕೆ ಇನ್ನೂ ಖುಷಿ. ದಿನಾ ಬೇಕಾಗುವುದು ಮಾತ್ರ ಬೇರೆ: ಗಿವ್ ಅಪ್, ಮುಂದೂಡುವುದಕ್ಕೆ ಪುಟ್ ಆಫ್, ರನ್ ಔಟ್ ಆಫ್, ಚೇತರಿಸಿಕೊಳ್ಳುವುದಕ್ಕೆ ಗೆಟ್ ಓವರ್. 'ವಿ ರ‍್ಯಾನ್ ಔಟ್ ಆಫ್ ಮಿಲ್ಕ್' ಅಂದಾಗ ಒಂದೊಂದು ಪದವೂ ಗೊತ್ತು. ಆದರೂ ಹಾಲು ಮುಗಿದಿದೆ ಅಂತ ಹೊಳೆಯುವುದಿಲ್ಲ. ಗೊತ್ತಿಲ್ಲದ ಪದ ಬಂದರೆ ನಿಂತು ಕೇಳುತ್ತೇವೆ, ಅಲ್ವಾ? ಇವು ಸುಮ್ನೆ ಜಾರಿ ಹೋಗುತ್ತವೆ.

ಇಲ್ಲಿ ಚೆಕ್ಕರಿಗೆ ತಮ್ಮ ಭಾಷೆಯೇ ನೆರವಾಗುತ್ತದೆ. 'ದಾತ್' ಅಂದರೆ ಕೊಡು. ಅದರ ಮುಂದೆ ಒಂದು ತುಣುಕು ಸೇರಿಸಿ 'ಪ್ರೊದತ್' ಅಂದರೆ ಮಾರು. 'ವಿದತ್' ಅಂದರೆ ಪ್ರಕಟಿಸು. 'ವ್ಝ್‌ದಾತ್' ಅಂದರೆ ಕೈಬಿಡು, ಇಂಗ್ಲಿಷಿನ ಗಿವ್ ಅಪ್. ಚಿಕ್ಕ ತುಣುಕು ಕ್ರಿಯಾಪದದ ಅರ್ಥವನ್ನೇ ತಿರುಗಿಸುವುದು ಅವರಿಗೆ ತೊಟ್ಟಿಲಿನಿಂದಲೇ ಅಭ್ಯಾಸ. ಮೇಷ್ಟ್ರುಗಳು ಮೊದಲ ಪಾಠದಲ್ಲೇ ಇದನ್ನು ತೋರಿಸಿದರೆ ಅರ್ಧ ಭಯ ಹೋಗುತ್ತದೆ.

ಉಳಿದರ್ಧ ಜಾಗದ ತೊಡಕು. ಚೆಕ್ ತುಣುಕು ಕ್ರಿಯಾಪದದ ಮುಂದೆ ಅಂಟಿಕೊಂಡು ಕೂತರೆ ಮತ್ತೆ ಬಿಡುವುದಿಲ್ಲ. ಇಂಗ್ಲಿಷಿನದು ಹಿಂದೆ ಬರುತ್ತದೆ, ಎಷ್ಟೋ ಸಲ ನಡುವೆ ಬೇರೆ ಪದಕ್ಕೂ ಜಾಗ ಬಿಡುತ್ತದೆ. ಗಿವ್ ಇಟ್ ಅಪ್, ಪುಟ್ ಇಟ್ ಆಫ್. ಆದರೆ ಗೆಟ್ ಓವರ್ ಇಟ್, ರನ್ ಔಟ್ ಆಫ್ ಇಟ್. ಇದಕ್ಕೆ ನಿಯಮ ಹುಡುಕಿ ದಣಿಯುವುದಕ್ಕಿಂತ, ಮೊದಲ ದಿನದಿಂದಲೇ ಆ 'ಇಟ್' ಸೇರಿಸಿ, ಇಡೀ ಮಾತನ್ನು ಗಟ್ಟಿಯಾಗಿ ಹೇಳಿ ಕಲಿಯುವುದು ಜಾಸ್ತಿ ಒಳ್ಳೆಯದು.