ಊರವರೇ ಉಳಿಸಿಕೊಂಡ ಚಿತ್ರಮಂದಿರ: ಬ್ರೂಕ್‌ಲೈನ್‌ನ ಕೂಲಿಡ್ಜ್ ಕಾರ್ನರ್

ನಮಸ್ಕಾರ. ಇದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್. ಬಾಸ್ಟನ್ ನಗರಕ್ಕೆ ಅಂಟಿಕೊಂಡೇ ಇದೆ, ಆದರೆ ಆಡಳಿತ ಬೇರೆ. ಬೀಕನ್ ರಸ್ತೆಯ ನಟ್ಟನಡುವೆ ಹಳಿಯ ಮೇಲೆ ಬರುತ್ತಿದೆಯಲ್ಲ, ಅದು ಬಾಸ್ಟನ್ನಿನ ಗ್ರೀನ್ ಲೈನ್ ಎಂಬ ಟ್ರಾಮ್ ಮಾರ್ಗದ 'ಸಿ' ಗಾಡಿ. ಕೂಲಿಡ್ಜ್ ಕಾರ್ನರ್ ನಿಲ್ದಾಣದಲ್ಲಿ ಇಳಿದು ಹಾರ್ವರ್ಡ್ ರಸ್ತೆಗೆ ತಿರುಗಿದರೆ ಸ್ವಲ್ಪ ದೂರದಲ್ಲೇ ಕೂಲಿಡ್ಜ್ ಕಾರ್ನರ್ ಥಿಯೇಟರ್ ಸಿಗುತ್ತದೆ. ಇವತ್ತಿನ ವಿಡಿಯೊ ಪೂರ್ತಿ ಈ ಚಿತ್ರಮಂದಿರದ ಬಗ್ಗೆ.

ಮೊದಲೇ ಹೇಳಿಬಿಡುತ್ತೇನೆ, ಪ್ರದರ್ಶನದ ಸಭಾಂಗಣದೊಳಗೆ ನಾನು ಕ್ಯಾಮೆರಾ ತೆಗೆಯುವುದಿಲ್ಲ. ಸಿನಿಮಾ ನೋಡಲು ಬಂದವರ ಕಣ್ಣಿಗೆ ನನ್ನ ಪರದೆಯ ಬೆಳಕು ಬೀಳುವುದು ನನಗೆ ಇಷ್ಟವಿಲ್ಲ. ಹಾಗಾಗಿ ನಿಮಗೆ ಕಾಣುವುದು ಹೊರಗಿನ ಬೀದಿ, ಮುಂಭಾಗದ ದೀಪಗಳು, ಒಳಗೆ ಹೋಗುವ ಮತ್ತು ಹೊರಗೆ ಬರುವ ಜನ. ಒಳಗಿನದನ್ನು ಮಾತಿನಲ್ಲೇ ಹೇಳುತ್ತೇನೆ.

ಈ ಕಟ್ಟಡ ಹುಟ್ಟಿದ್ದು ಚರ್ಚ್ ಆಗಿ, 1906ರಲ್ಲಿ. 1933ರಲ್ಲಿ ಅದನ್ನು ಆರ್ಟ್ ಡೆಕೊ ಶೈಲಿಯ ಚಿತ್ರಮಂದಿರವಾಗಿ ಮಾರ್ಪಡಿಸಿದರು. ಬ್ರೂಕ್‌ಲೈನ್ ಕಂಡ ಮೊದಲ ಚಿತ್ರಮಂದಿರ ಇದೇ. ಆರ್ಟ್ ಡೆಕೊ ಎಂದರೆ ಆ ಕಾಲದ ನೇರ ಗೆರೆಗಳ, ಹೊಳೆಯುವ ಅಂಚುಗಳ, ಜ್ಯಾಮಿತಿಯ ಅಲಂಕಾರ. ದೊಡ್ಡ ಸಭಾಂಗಣದ ಗೋಡೆಗಳಲ್ಲಿ ಅದು ಇಂದಿಗೂ ಕಾಣುತ್ತದೆ. ಹಳೆಯ ಬಾಲ್ಕನಿಯನ್ನು ಮುಂದೆ ಬೇರ್ಪಡಿಸಿ ಮಹಡಿಯ ಮೇಲೆ ಇನ್ನೊಂದು ಪರದೆ ಮಾಡಿಕೊಂಡರು. ನಾನು ಹೋದಾಗಲೆಲ್ಲ ದೊಡ್ಡ ಸಭಾಂಗಣದಲ್ಲೇ ಕೂರಲು ನೋಡುತ್ತೇನೆ, ದೀಪ ಆರುವ ಮುನ್ನ ಕೆಲವು ನಿಮಿಷ ಸುಮ್ಮನೆ ಗೋಡೆ ನೋಡುವುದಕ್ಕಾಗಿಯೇ.

1980ರ ದಶಕದ ಕೊನೆಗೆ ಇದನ್ನು ಮುಚ್ಚಿ ಕೆಡವುವ ಹಂತಕ್ಕೆ ಬಂದಿತ್ತು. ಒಂದೊಂದೇ ಪರದೆಯ ಹಳೆಯ ಮಂದಿರಗಳಿಗೆ ಅದು ಕೆಟ್ಟ ಕಾಲ. ಮನೆಮನೆಯಲ್ಲೂ ವಿಡಿಯೊ ಕ್ಯಾಸೆಟ್ ಬಂದಿತ್ತು, ಊರ ಹೊರಗಿನ ಮಾಲ್‌ಗಳಲ್ಲಿ ಹತ್ತಾರು ಪರದೆಗಳ ಮಲ್ಟಿಪ್ಲೆಕ್ಸ್‌ಗಳು ಎದ್ದಿದ್ದವು. ಪೇಟೆಯ ನಡುವಿನ ಚಿತ್ರಮಂದಿರ ಗಳಿಸುವುದಕ್ಕಿಂತ ಅದು ನಿಂತ ಜಾಗದ ಬೆಲೆಯೇ ಹೆಚ್ಚಾಗಿತ್ತು. ಆಗ ಊರಿನವರು ಬೀದಿಗಿಳಿದರು. ಸಹಿ ಸಂಗ್ರಹಿಸಿದರು, ಹಣ ಕೂಡಿಸಿದರು, ನೂರಾರು ಜನ ಕೈಕೈ ಹಿಡಿದು ಕಟ್ಟಡವನ್ನು ಸುತ್ತುವರಿದು ನಿಂತರು. ಕೊನೆಗೆ ಲಾಭದ ಉದ್ದೇಶವಿಲ್ಲದ ಒಂದು ಪ್ರತಿಷ್ಠಾನ ರೂಪುಗೊಂಡಿತು. ಕಟ್ಟಡ ಅದಕ್ಕೆ ದೀರ್ಘಾವಧಿಯ ಗುತ್ತಿಗೆಗೆ ಸಿಕ್ಕಿತು. ಅಂದಿನಿಂದ ಈ ಮಂದಿರವನ್ನು ನಡೆಸುತ್ತಿರುವುದು ಆ ಪ್ರತಿಷ್ಠಾನವೇ.

'ಲಾಭದ ಉದ್ದೇಶವಿಲ್ಲ' ಎಂದಾಗ ಟಿಕೆಟ್ ಪುಕ್ಕಟೆ ಎಂದೋ, ಕೆಲಸದವರೆಲ್ಲ ಸಂಬಳವಿಲ್ಲದೆ ದುಡಿಯುತ್ತಾರೆ ಎಂದೋ ಹಲವರು ತಿಳಿಯುತ್ತಾರೆ. ಹಾಗೇನೂ ಇಲ್ಲ. ಟಿಕೆಟಿಗೆ ದುಡ್ಡು ಕೊಡಬೇಕು, ಸಿಬ್ಬಂದಿಗೆ ಸಂಬಳವಿದೆ, ವಿದ್ಯುತ್ ಬಿಲ್ ಎಲ್ಲರಂತೆ ಬರುತ್ತದೆ. ಅಮೆರಿಕದ ತೆರಿಗೆ ಕಾನೂನಿನ 501(ಸಿ)(3) ವಿಧಿಯಡಿ ನೋಂದಾಯಿಸಿಕೊಂಡ ಸಂಸ್ಥೆಗೆ ಷೇರುದಾರರು ಇರುವುದಿಲ್ಲ. ವರ್ಷದ ಕೊನೆಯಲ್ಲಿ ಉಳಿದ ಹಣವನ್ನು ಯಾರೂ ಮನೆಗೆ ಒಯ್ಯುವಂತಿಲ್ಲ, ಅದು ಸಂಸ್ಥೆಯ ಕೆಲಸಕ್ಕೇ ಹೋಗಬೇಕು. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಬಹುದು. ಸಂಸ್ಥೆಯ ಲೆಕ್ಕಪತ್ರ ಸಾರ್ವಜನಿಕವಾಗಿರುತ್ತದೆ. ಕಾಗದದ ಮೇಲೆ ಇದು ಒಣ ವ್ಯವಹಾರದಂತೆ ಕಂಡರೂ ಪರದೆಯ ಮೇಲೆ ಏನು ಬರುತ್ತದೆ ಎಂಬುದನ್ನು ನಿರ್ಧರಿಸುವುದು ಇದೇ.

ಹೇಗೆ ಎಂದು ಹೇಳುತ್ತೇನೆ. ಚಿತ್ರಮಂದಿರಕ್ಕೆ ಬಂದ ಟಿಕೆಟ್ ಹಣ ಪೂರ್ತಿ ಅದರದ್ದಲ್ಲ. ಹೊಸ ಚಿತ್ರವಾದರೆ ಸಾಮಾನ್ಯವಾಗಿ ಅರ್ಧದ ಆಸುಪಾಸು ವಿತರಕರ ಪಾಲು. ದೊಡ್ಡ ಸ್ಟುಡಿಯೊಗಳ ಚಿತ್ರವಾದರೆ ಮೊದಲ ವಾರಗಳಲ್ಲಿ ಅದಕ್ಕಿಂತ ಹೆಚ್ಚು. ಉಳಿದದ್ದರಲ್ಲಿ ಎಲ್ಲವೂ ನಡೆಯಬೇಕು. ಆದ್ದರಿಂದಲೇ ಲಾಭಕ್ಕೆ ನಡೆಯುವ ಮಂದಿರಗಳ ಕಣ್ಣು ತಿಂಡಿ ಮಾರುವ ಕೌಂಟರಿನ ಮೇಲೆ, ಪಾಪ್‌ಕಾರ್ನ್ ಕೊಳ್ಳುವ ಜನಜಂಗುಳಿಯ ಮೇಲೆ. ದೂರದ ದೇಶವೊಂದರ ನಿಧಾನಗತಿಯ ಚಿತ್ರಕ್ಕೆ ಮೂವತ್ತು ಜನ ಬಂದರೆ ಅಲ್ಲಿ ಅದು ನಷ್ಟದ ಸಂಜೆ. ಇಲ್ಲಿ ಆ ಮೂವತ್ತು ಜನರ ಸಂಜೆಯ ಖರ್ಚಿನಲ್ಲಿ ಸದಸ್ಯತ್ವ ಶುಲ್ಕ, ದಾನ, ಅನುದಾನಗಳದ್ದೂ ಒಂದು ಪಾಲಿರುತ್ತದೆ. ಅಂದರೆ ಆ ಚಿತ್ರವನ್ನು ಎಂದೂ ನೋಡದವರೂ ಅದಕ್ಕಾಗಿ ಒಂದಿಷ್ಟು ಕೊಟ್ಟಿರುತ್ತಾರೆ. ನನಗೆ ಈ ಏರ್ಪಾಡಿನಲ್ಲಿ ಅತ್ಯಂತ ಗೌರವ ಹುಟ್ಟಿಸುವ ಸಂಗತಿ ಇದು.

ಹಾಗೆಂದು ಇಲ್ಲಿ ದೊಡ್ಡ ಚಿತ್ರಗಳು ಬರುವುದಿಲ್ಲ ಎಂದಲ್ಲ. 70 ಎಂಎಂ, ಅಂದರೆ ಮಾಮೂಲಿ 35 ಎಂಎಂಗಿಂತ ಎರಡರಷ್ಟು ಅಗಲದ ಫಿಲ್ಮಿನಲ್ಲಿ ಬಿಡುಗಡೆಯಾಗುವ ಹಾಲಿವುಡ್ ಚಿತ್ರಗಳಿಗೆ ಈ ಊರಿನ ಸುತ್ತಮುತ್ತಲಿನವರೆಲ್ಲ ಇಲ್ಲಿಗೇ ಬರುತ್ತಾರೆ. ಕಲಾತ್ಮಕ ಚಿತ್ರಗಳ ಮಂದಿರದಲ್ಲಿ ಅವು ಯಾಕೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಅವರ ಮಾತನ್ನು ಒಪ್ಪುವುದಿಲ್ಲ. ತುಂಬಿದ ಸಭಾಂಗಣದ ಗಳಿಕೆ ಮಹಡಿ ಮೇಲಿನ ಸಣ್ಣ ಪರದೆಗೆ ಉಸಿರು ಕೊಡುತ್ತದೆ. ಅಷ್ಟೇ ಅಲ್ಲ, ದೊಡ್ಡ ಚಿತ್ರಕ್ಕೆಂದು ಬಂದ ಹದಿಹರೆಯದವರು ಗೋಡೆಯ ಮೇಲಿನ ಪೋಸ್ಟರ್ ನೋಡಿ ಮುಂದಿನ ವಾರದ ಮೂಕಿ ಚಿತ್ರದ ಬಗ್ಗೆ ವಿಚಾರಿಸುವುದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಮೂಕಿ ಚಿತ್ರಕ್ಕೆ ಸಂಗೀತಗಾರರು ಪರದೆಯ ಎದುರೇ ಕುಳಿತು ನುಡಿಸುವ ಸರಣಿಯೊಂದು ಇಲ್ಲಿ ನಡೆಯುತ್ತದೆ. ಆ ಹುಡುಗರು ಬಂದರೋ ಇಲ್ಲವೋ, ಬಂದಿರಲಿ ಎಂಬುದು ನನ್ನ ಆಸೆ.

ಈಗ ನನಗೆ ತುಂಬಾ ಪ್ರೀತಿಯ ವಿಷಯ. ಈಗ ವಿಡಿಯೊದಲ್ಲಿ ಕಾಣುತ್ತಿರುವ ರೇಖಾಚಿತ್ರವನ್ನು ನಾನೇ ಬರೆದದ್ದು. ಎರಡು ಪ್ರೊಜೆಕ್ಟರ್‌ಗಳು ಅಕ್ಕಪಕ್ಕ ನಿಂತಿವೆ. 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ, ನಿಮಿಷಕ್ಕೆ 90 ಅಡಿ. ಎರಡು ಸಾವಿರ ಅಡಿಯ ಒಂದು ಸುರುಳಿ ಸುಮಾರು 20 ನಿಮಿಷಕ್ಕೆ ಮುಗಿಯುತ್ತದೆ. ಎರಡು ಗಂಟೆಯ ಚಿತ್ರಕ್ಕೆ ಆರು ಸುರುಳಿಯಾದರೂ ಬೇಕು. ಬಿಚ್ಚಿ ಹಾಸಿದರೆ ಮೂರು ಕಿಲೊಮೀಟರಿಗೂ ಮಿಕ್ಕಿದ ಉದ್ದ. ಒಂದು ಸುರುಳಿ ಮುಗಿಯುವ ಹೊತ್ತಿಗೆ ಪಕ್ಕದ ಯಂತ್ರದಲ್ಲಿ ಮುಂದಿನದು ಸಿದ್ಧವಾಗಿರಬೇಕು. ಆಗ ಪರದೆಯ ಬಲ ಮೇಲ್ಮೂಲೆಯನ್ನು ಗಮನಿಸಿ. ಒಂದು ಚುಕ್ಕೆ ಫಕ್ಕನೆ ಮಿನುಗಿ ಮಾಯವಾಗುತ್ತದೆ. ಅದು ಪ್ರೊಜೆಕ್ಟರ್ ನಡೆಸುವವರಿಗೆ ಸೂಚನೆ: ಎರಡನೆಯ ಯಂತ್ರದ ಮೋಟಾರ್ ಚಾಲೂ ಮಾಡಿ. ಕೆಲವು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ. ಆಗ ಬೆಳಕು ಒಂದು ಯಂತ್ರದಿಂದ ಇನ್ನೊಂದಕ್ಕೆ ಹಾಯುತ್ತದೆ. ಸರಿಯಾಗಿ ಮಾಡಿದರೆ ಸಭಾಂಗಣದಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ.

ಇಂದು ಬಹುತೇಕ ಎಲ್ಲ ಚಿತ್ರಗಳೂ ಡಿಜಿಟಲ್ ಕಡತವಾಗಿ ಬರುತ್ತವೆ. ಕಡತಕ್ಕೆ ಬೀಗವಿರುತ್ತದೆ. ಆ ಮಂದಿರದ ಆ ಯಂತ್ರದಲ್ಲಿ, ನಿಗದಿಯಾದ ದಿನಾಂಕಗಳ ನಡುವೆ ಮಾತ್ರ ತೆರೆಯುವಂತೆ ಕೀಲಿಯೊಂದನ್ನು ಪ್ರತ್ಯೇಕವಾಗಿ ಕಳಿಸುತ್ತಾರೆ. ಸರಿ, ಅನುಕೂಲ ದೊಡ್ಡದೇ. ಆದರೆ ಎಷ್ಟೋ ಹಳೆಯ ಚಿತ್ರಗಳು ಇನ್ನೂ ಫಿಲ್ಮಿನಲ್ಲಷ್ಟೇ ಇವೆ. ಅಂಥ ಅಪರೂಪದ ಪ್ರತಿಗಳನ್ನು, ಅವನ್ನು ಕಾಪಾಡಿಡುವ ಅಭಿಲೇಖಾಗಾರಗಳು (ಆರ್ಕೈವ್‌ಗಳು) ಎಲ್ಲರಿಗೂ ಕೊಡುವುದಿಲ್ಲ. ಸುರುಳಿಗಳನ್ನು ಕತ್ತರಿಸಿ ಅಂಟಿಸಿ ಒಂದೇ ದೊಡ್ಡ ಸುರುಳಿ ಮಾಡಿಕೊಳ್ಳುವುದು ಪ್ರತಿಗೆ ಹಾನಿ. ಹಾಗೆ ಮಾಡದೆ, ಎರಡು ಯಂತ್ರಗಳ ನಡುವೆ ಸುರುಳಿ ಬದಲಾಯಿಸುತ್ತಾ ತೋರಿಸಬಲ್ಲ ಮಂದಿರ ಬೇಕು. ಆ ಕೌಶಲ ಬಲ್ಲ ಮನುಷ್ಯರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದು ವ್ಯಾಪಾರದ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ಕೂಲಿಡ್ಜ್ 35 ಎಂಎಂ, 70 ಎಂಎಂ ಎರಡನ್ನೂ ಉಳಿಸಿಕೊಂಡಿದೆ. ಈ ಒಂದು ಕಾರಣಕ್ಕೇ ನಾನು ಇದರ ಪರವಾಗಿ ಗಂಟೆಗಟ್ಟಲೆ ಮಾತಾಡಬಲ್ಲೆ.

ಇನ್ನು ಊರಿನ ಜನಕ್ಕೆ ಇದರಿಂದ ಏನು? 2005ರಲ್ಲಿ ಇಲ್ಲಿ 'ಸೈನ್ಸ್ ಆನ್ ಸ್ಕ್ರೀನ್' ಶುರುವಾಯಿತು. ಒಂದು ಚಿತ್ರ, ಅದರ ಜೊತೆಗೆ ಆ ಚಿತ್ರದಲ್ಲಿ ಎಲ್ಲೋ ಅಡಗಿರುವ ವಿಜ್ಞಾನದ ಎಳೆಯನ್ನು ಹಿಡಿದು ಮಾತಾಡುವ ಒಬ್ಬ ವಿಜ್ಞಾನಿ. ದೆವ್ವದ ಸಿನಿಮಾಕ್ಕೆ ಭಯದ ಬಗ್ಗೆ ಸಂಶೋಧನೆ ಮಾಡುವವರು, ಪ್ರೇಮಕಥೆಗೆ ನೆನಪಿನ ಬಗ್ಗೆ ಅಧ್ಯಯನ ಮಾಡುವವರು, ಹೀಗೆ. ಸುತ್ತಮುತ್ತ ವಿಶ್ವವಿದ್ಯಾಲಯಗಳು ದಂಡಿಯಾಗಿರುವ ಜಾಗದಲ್ಲಿ ಇದು ಹೊಳೆದದ್ದು ಸಹಜವೇ. ಮುಂದೆ ವಿಜ್ಞಾನದ ಕೆಲಸಗಳಿಗೆ ಹಣ ಕೊಡುವ ಸ್ಲೋನ್ ಪ್ರತಿಷ್ಠಾನದ ನೆರವಿನಿಂದ ದೇಶದ ಇತರ ಊರುಗಳ ಇಂಥದೇ ಮಂದಿರಗಳಿಗೂ ಅನುದಾನ ಸಿಕ್ಕಿ ಕಾರ್ಯಕ್ರಮ ಹಬ್ಬಿತು.

ಚಿತ್ರದ ನಂತರದ ಸಂವಾದಗಳ ಬಗ್ಗೆ ಒಂದು ಪ್ರಸಂಗ ಹೇಳಲೇಬೇಕು. ಮರೆವಿನ ಕಾಯಿಲೆ ಕುರಿತ ಒಂದು ಸಾಕ್ಷ್ಯಚಿತ್ರ ಮುಗಿದು ದೀಪ ಹತ್ತಿತ್ತು. ವೇದಿಕೆಯಲ್ಲಿ ವೈದ್ಯರೊಬ್ಬರು ಕುಳಿತಿದ್ದರು. ವಯಸ್ಸಾದ ಒಬ್ಬ ಮಹಿಳೆ ಕೈ ಎತ್ತಿದರು, ಮೈಕ್ ಕೊಟ್ಟರು. ಅವರು ಪ್ರಶ್ನೆ ಕೇಳಲಿಲ್ಲ. ಗಂಡ ತನ್ನನ್ನು ಗುರುತಿಸದೆ ಎಷ್ಟೋ ತಿಂಗಳಾಯಿತು, ಇವತ್ತು ಮಗಳು ಅವರ ಬಳಿ ಕುಳಿತಿರುವುದರಿಂದ ತಾನು ಹೊರಗೆ ಬರುವಂತಾಯಿತು ಎಂದರು. ವೈದ್ಯರು ಏನೋ ಸಮಾಧಾನ ಹೇಳಿದರು. ಆದರೆ ನನಗೆ ನೆನಪಿರುವುದು ಅದಲ್ಲ. ಹಿಂದಿನ ಸಾಲಿನ ಗಂಡಸೊಬ್ಬರು ಮೈಕಿಗೂ ಕಾಯದೆ ಎದ್ದು, ಇಂಥ ರೋಗಿಗಳನ್ನು ನೋಡಿಕೊಳ್ಳುವವರೆಲ್ಲ ವಾರಕ್ಕೊಮ್ಮೆ ಎಲ್ಲಿ ಸೇರುತ್ತಾರೆ, ಎಷ್ಟು ಹೊತ್ತಿಗೆ, ಅಲ್ಲಿಗೆ ಹೇಗೆ ಹೋಗಬೇಕು ಎಂದು ಅವರಿಗೆ ಹೇಳಿದರು. ಆಕೆ ಚೀಲದಿಂದ ಟಿಕೆಟ್ ತೆಗೆದು ಅದರ ಹಿಂಬದಿಯಲ್ಲಿ ಬರೆದುಕೊಂಡರು. ಅದೇ ಸಾಕ್ಷ್ಯಚಿತ್ರವನ್ನು ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಮೊಬೈಲಿನಲ್ಲಿ ನೋಡಿದ್ದರೆ ಈ ವಿಳಾಸ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಿರಲಿಲ್ಲ.

ಇಂಥ ಮಂದಿರಗಳ ಹಿಂದೆ ಒಂದು ಪರಂಪರೆಯಿದೆ, ಅದನ್ನು ಚುಟುಕಾಗಿ ಹೇಳುತ್ತೇನೆ. ಲಂಡನ್ನಿನ ಫಿಲ್ಮ್ ಸೊಸೈಟಿ 1925ರಲ್ಲೇ ಹುಟ್ಟಿತು. ನ್ಯೂಯಾರ್ಕಿನಲ್ಲಿ ಏಮಸ್ ವೊಗೆಲ್ 1947ರಲ್ಲಿ 'ಸಿನಿಮಾ 16' ಆರಂಭಿಸಿದರು. ಸದಸ್ಯರಿಗಷ್ಟೇ ತೋರಿಸುವ ಸಂಘವಾದ್ದರಿಂದ ಸೆನ್ಸಾರಿನ ಕತ್ತರಿಗೆ ಅದು ಸಿಗಲಿಲ್ಲ. ಸಾವಿರಾರು ಸದಸ್ಯರಿದ್ದೂ 1963ರಲ್ಲಿ ಹಣದ ತಾಪತ್ರಯದಿಂದ ಮುಚ್ಚಿತು. ಅದೇ ನಗರದ 'ಫಿಲ್ಮ್ ಫೋರಮ್' 1970ರಲ್ಲಿ 50 ಮಡಚುವ ಕುರ್ಚಿ ಮತ್ತು ಒಂದು ಪ್ರೊಜೆಕ್ಟರ್ ಇಟ್ಟುಕೊಂಡು ಆರಂಭವಾಗಿ ಇಂದಿಗೂ ಲಾಭದ ಉದ್ದೇಶವಿಲ್ಲದೆ ನಡೆಯುತ್ತಿದೆ. ಜನ ಪ್ರೀತಿಸಿದ ಮಾತ್ರಕ್ಕೆ ಇವು ಉಳಿಯುವುದಿಲ್ಲ ಎನ್ನುವುದಕ್ಕೆ ಸಿನಿಮಾ 16 ಸಾಕ್ಷಿ. ಪ್ರತಿ ವರ್ಷವೂ ಲೆಕ್ಕ ಸರಿದೂಗಲೇಬೇಕು.

2010ರ ದಶಕದ ಆರಂಭದಲ್ಲಿ ಸ್ಟುಡಿಯೊಗಳು ಫಿಲ್ಮ್ ಪ್ರತಿಗಳನ್ನು ನಿಲ್ಲಿಸುತ್ತಾ ಬಂದಾಗ ಸಣ್ಣ ಮಂದಿರಗಳೆಲ್ಲ ದುಬಾರಿ ಡಿಜಿಟಲ್ ಯಂತ್ರ ಕೊಳ್ಳಬೇಕಾಯಿತು. ಎಷ್ಟೋ ಕಡೆ ಆ ಹಣವನ್ನು ಪ್ರೇಕ್ಷಕರೇ ಒಟ್ಟುಗೂಡಿಸಿ ಕೊಟ್ಟರು. 2020ರಲ್ಲಿ ಕೊರೊನಾ ಎಲ್ಲರ ಬಾಗಿಲನ್ನೂ ಹಾಕಿಸಿತು. ಆಗ ಕೆಲವು ವಿತರಕರು ಆನ್‌ಲೈನಿನಲ್ಲಿ ಚಿತ್ರ ತೋರಿಸಿ, ಪ್ರೇಕ್ಷಕರು ಆರಿಸಿಕೊಂಡ ಚಿತ್ರಮಂದಿರಕ್ಕೆ ಗಳಿಕೆಯಲ್ಲಿ ಪಾಲು ಕೊಟ್ಟರು. ಅದರಿಂದ ಮಂದಿರ ನಡೆಯುವಷ್ಟು ಹಣ ಬರಲಿಲ್ಲ, ಆದರೆ ಮಂದಿರಕ್ಕೂ ಜನಕ್ಕೂ ನಡುವಿನ ನಂಟು ತಪ್ಪಲಿಲ್ಲ.

ಮತ್ತೆ ಕೂಲಿಡ್ಜ್‌ಗೆ ಬರೋಣ. ಈ ಹೊಸ ಭಾಗ ನೋಡಿ. 2024ರಲ್ಲಿ ತೆರೆದದ್ದು. ಎರಡು ಹೊಸ ಪರದೆಗಳಿವೆ, ಜೊತೆಗೆ ತರಗತಿ ಮತ್ತು ಊರಿನ ಚಟುವಟಿಕೆಗಳಿಗೆಂದೇ ಒಂದು ಜಾಗ. ಚಿತ್ರಮಂದಿರಗಳು ಪರದೆ ಕಡಿಮೆ ಮಾಡಿಕೊಳ್ಳುತ್ತಿರುವ ಕಾಲದಲ್ಲಿ ಇವರು ಪರದೆ ಹೆಚ್ಚಿಸಿದ್ದಾರೆ. ಪರದೆ ಹೆಚ್ಚಿದರೆ ಒಂದು ಚಿತ್ರವನ್ನು ಇನ್ನೊಂದು ವಾರ ಇಟ್ಟುಕೊಳ್ಳಲು ಜಾಗ ಸಿಗುತ್ತದೆ. ಬಾಯಿಂದ ಬಾಯಿಗೆ ಸುದ್ದಿ ಹರಡಿ ಜನ ಬರುವ ಚಿತ್ರಗಳಿಗೆ ಆ ಇನ್ನೊಂದು ವಾರವೇ ಪ್ರಾಣ.

ಕೊನೆಯದಾಗಿ, ಇಂಥ ಮಂದಿರ ನಿಮ್ಮ ಹತ್ತಿರ ಇದ್ದರೆ ಉಪಯೋಗಕ್ಕೆ ಬರುವ ಮಾತು. ಅಮೆರಿಕದಲ್ಲಿ ಚಿತ್ರಮಂದಿರದ ವಾರ ಶುಕ್ರವಾರ ಶುರುವಾಗಿ ಗುರುವಾರ ಮುಗಿಯುತ್ತದೆ. ಮುಂದಿನ ವಾರ ಯಾವ ಚಿತ್ರ ಉಳಿಯಬೇಕು, ಯಾವುದು ಹೋಗಬೇಕು ಎನ್ನುವ ಮಾತುಕತೆ ವಿತರಕರೊಂದಿಗೆ ನಡೆಯುವುದು ಸಾಮಾನ್ಯವಾಗಿ ಸೋಮವಾರ, ಮೊದಲ ಮೂರು ದಿನದ ಗಳಿಕೆ ನೋಡಿಕೊಂಡು. ಬುಧವಾರ ಹೋದರೆ ಸೀಟು ಆರಾಮವಾಗಿ ಸಿಗುತ್ತದೆ, ಆದರೆ ಅಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಆದ್ದರಿಂದ ಯಾರೂ ಕೇಳಿರದ ಚಿತ್ರವೊಂದು ಉಳಿಯಲಿ ಎಂದು ಮನಸ್ಸಿದ್ದರೆ ಶುಕ್ರವಾರದಿಂದ ಭಾನುವಾರದೊಳಗೆ ಹೋಗಿ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ವಾರ್ಷಿಕ ಸದಸ್ಯತ್ವ ಇದ್ದರೆ ತೆಗೆದುಕೊಳ್ಳಿ, ಮಂದಿರ ತಿಂಗಳುಗಳ ಮುಂಚೆಯೇ ಕಾರ್ಯಕ್ರಮ ಯೋಜಿಸಲು ಆಗುವುದು ಆ ಹಣದ ಭರವಸೆಯಿಂದ. ನಾನು ಈ ಶನಿವಾರ ಸಂಜೆಯ ಆಟಕ್ಕೆ ಇಲ್ಲೇ ಇರುತ್ತೇನೆ, ದೊಡ್ಡ ಸಭಾಂಗಣದಲ್ಲಿ, ಬಲಗಡೆಯ ಸಾಲಿನಲ್ಲಿ. ಕಂಡರೆ ಬಂದು ಮಾತಾಡಿಸಿ.