ಬಾಂಬಿನ ಭಯ ಕಾಯ್ದ ಕಡಲ ದಂಡೆ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸಫೊಕ್ ಪ್ರಾಂತ್ಯದಲ್ಲಿ, ಆರ್ಫರ್ಡ್ ಎಂಬ ಸಣ್ಣ ಊರಿದೆ. ಊರ ಮುಂದೆ ಓರ್ ನದಿ. ದೋಣಿಯಲ್ಲಿ ನದಿ ದಾಟಿದರೆ ಆರ್ಫರ್ಡ್ ನೆಸ್. ಸುಮಾರು 16 ಕಿಲೋಮೀಟರ್ ಉದ್ದದ ನೆಲದ ಪಟ್ಟಿ ಇದು. ಒಂದು ಮಗ್ಗುಲಲ್ಲಿ ನದಿ, ಇನ್ನೊಂದು ಮಗ್ಗುಲಲ್ಲಿ ಉತ್ತರ ಸಮುದ್ರ. ನಮ್ಮ ಕಾರವಾರ, ಮಲ್ಪೆಯಲ್ಲಿರುವಂಥ ಮರಳು ಇಲ್ಲಿಲ್ಲ. ಅಲೆಗಳು ಶತಮಾನಗಳಿಂದ ತಂದು ಒಟ್ಟಿದ ಉರುಟುಗಲ್ಲುಗಳೇ ಎಲ್ಲೆಲ್ಲೂ.

ಇವತ್ತು ಇದು ಪ್ರಕೃತಿ ಮೀಸಲು ತಾಣ. ಆದರೆ ಇಪ್ಪತ್ತನೇ ಶತಮಾನದ ಬಹುಪಾಲು ಇಲ್ಲಿಗೆ ಜನಸಾಮಾನ್ಯರು ಕಾಲಿಡುವಂತಿರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಸೇನೆ ಇಲ್ಲಿ ವಿಮಾನಗಳ ಪ್ರಯೋಗ ಶುರುಮಾಡಿತು. ಬಾಂಬು ಹೇಗೆ ಬೀಳುತ್ತದೆ, ಗುರಿ ಹೇಗೆ ಹಿಡಿಯಬೇಕು, ಎಲ್ಲಕ್ಕೂ ಇದೇ ಬಯಲು. 1935ರಲ್ಲಿ ರಾಬರ್ಟ್ ವಾಟ್ಸನ್-ವಾಟ್ ಎಂಬ ವಿಜ್ಞಾನಿಯ ಸಣ್ಣ ತಂಡ ಇಲ್ಲಿಗೆ ಬಂತು. ರೇಡಿಯೋ ಅಲೆಗಳನ್ನು ಬಿಟ್ಟು, ವಿಮಾನಕ್ಕೆ ಬಡಿದು ಮರಳಿ ಬರುವುದನ್ನು ಹಿಡಿಯುವ ಪ್ರಯತ್ನ ಅದು. ಮುಂದೆ ರೇಡಾರ್ ಅಂತ ಹೆಸರಾದದ್ದು ಅದೇ. ನಾವು ಹಾಡು, ವಾರ್ತೆ ಕೇಳುವ ರೇಡಿಯೋದ ಹತ್ತಿರದ ನೆಂಟನೇ, ಅಲ್ವಾ?

1950ರ ದಶಕದಲ್ಲಿ ಅಣ್ವಸ್ತ್ರ ಸಂಶೋಧನೆಯವರು ಬಂದರು. ಬಾಂಬನ್ನು ಅಲುಗಾಡಿಸಿ, ಕಾಯಿಸಿ, ತಣ್ಣಗಾಗಿಸಿ, ಗಿರ್‍ರನೆ ತಿರುಗಿಸಿ ಅದು ತಾಳಿಕೊಳ್ಳುತ್ತದೆಯೇ ಎಂದು ನೋಡುವುದು ಅವರ ಕೆಲಸ. ಬಾಂಬಿನಲ್ಲಿ ಅಣು ಇಂಧನ ಇರುತ್ತಿರಲಿಲ್ಲ ಎಂದು ಅಧಿಕಾರಿಗಳ ಹೇಳಿಕೆ. ಸಿಡಿಮದ್ದು ಮಾತ್ರ ಅಸಲಿಯೇ. ಇದಕ್ಕಾಗಿ ಕಟ್ಟಿದ ಎರಡು ಕಟ್ಟಡಗಳನ್ನು, ನೋಡಲು ಬೌದ್ಧರ ಗುಡಿಯಂತಿರುವುದರಿಂದ, ಜನ ಪಗೋಡಾ ಅಂತಲೇ ಕರೆಯುತ್ತಾರೆ. ಗಿಡ್ಡ ಕಂಬಗಳು, ಅವುಗಳ ಮೇಲೆ ದಪ್ಪ ಕಾಂಕ್ರೀಟ್ ಚಾವಣಿ, ಅದರ ಮೇಲೆ ಕಲ್ಲಿನ ರಾಶಿ. ಒಳಗೆ ಏನಾದರೂ ಸಿಡಿದರೆ ಕಂಬ ಮುರಿದು, ಚಾವಣಿ ಕುಸಿದು, ಎಲ್ಲವನ್ನೂ ಅಲ್ಲೇ ಮುಚ್ಚಿಬಿಡಬೇಕು ಎಂಬ ಲೆಕ್ಕ. ಆ ಕೆಲಸ 1971ರಲ್ಲಿ ನಿಂತಿತು.

1993ರಲ್ಲಿ, ಹಳೇ ಕಟ್ಟಡ, ಪ್ರಕೃತಿ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ರಕ್ಷಣಾ ಇಲಾಖೆಯಿಂದ ಈ ಜಾಗ ಕೊಂಡಿತು. ಹಳೇ ಕಟ್ಟಡಗಳನ್ನು ಏನು ಮಾಡುವುದು? ಹೆಚ್ಚಿನವನ್ನು ಕೆಡವಲೂ ಇಲ್ಲ, ದುರಸ್ತಿ ಮಾಡಲೂ ಇಲ್ಲ. ಗಾಳಿ, ಉಪ್ಪುನೀರು ತಿನ್ನುವಷ್ಟು ತಿನ್ನಲಿ ಅಂತ ಬಿಟ್ಟರು. ನನಗೆ ಇದು ಸರಿ ಅನ್ನಿಸುತ್ತದೆ. ಬಣ್ಣ ಬಳಿದು ಮ್ಯೂಸಿಯಂ ಮಾಡಿದ್ದರೆ ಅಣುಬಾಂಬಿನ ಪ್ರಯೋಗಶಾಲೆ ಪ್ರವಾಸಿ ಬಂಗಲೆಯಂತೆ ಕಾಣುತ್ತಿತ್ತು.

ಈಗ ಇಲ್ಲಿ ಕಡಲ ಬಟಾಣಿ, ಹಳದಿ ಗಸಗಸೆ ಹೂ, ಕಲ್ಲುಹೂವು ಬೆಳೆಯುತ್ತವೆ. ದೊಡ್ಡ ಮೊಲಗಳಿವೆ, ಕಡಲ ಕಾಗೆಗಳಿವೆ, ಜೌಗಿನಲ್ಲಿ ಕೊಕ್ಕು ಮೇಲಕ್ಕೆ ಬಾಗಿದ ಆವೊಸೆಟ್ ಹಕ್ಕಿಗಳಿವೆ. ಹಾಗಂತ ಸೇನೆ ಹೋಯಿತು, ಪ್ರಕೃತಿ ಗೆದ್ದಿತು ಅನ್ನುವುದು ಸುಮ್ನೆ ಚೆಂದಕ್ಕೆ ಹೇಳುವ ಕಥೆ. ಬೇಲಿ, ಕಾವಲು, ಬಾಂಬಿನ ಭಯ ಸೇರಿ ರೆಸಾರ್ಟುಗಳನ್ನು, ಮನೆಗಳನ್ನು ದೂರ ಇಟ್ಟದ್ದು ನಿಜ. ಆದರೆ ಅದೇ ಸೇನೆಯ ಗಾಡಿಗಳು ಕಲ್ಲಿನ ಏಣುಗಳನ್ನು ತುಳಿದು ಹಾಕಿದವು. ಅಲೆಗಳು ಒಂದೊಂದಾಗಿ ಜೋಡಿಸಿದ ಸಾಲುಗಳು ಅವು. ಸಣ್ಣ ಕಲ್ಲು, ಕೊಳೆತ ಎಲೆ ನಿಂತ ಕಡೆ ಮಾತ್ರ ಗಿಡ ಬೇರು ಬಿಡುತ್ತದೆ. ಒಮ್ಮೆ ಕಲಕಿದರೆ ಹಿಂದಿನಂತೆ ಆಗುವುದಿಲ್ಲ. ಗಾಡಿಯ ಜಾಡು ಈಗಲೂ ಕಾಣುತ್ತದೆ. ಬಂದವರು ಗುರುತು ಹಾಕಿದ ದಾರಿ ಬಿಡಬಾರದು ಎಂಬ ನಿಯಮಕ್ಕೆ ಅದೂ ಒಂದು ಕಾರಣ. ಇನ್ನೊಂದು, ಸಿಡಿಯದೇ ಉಳಿದ ಗುಂಡು, ಬಾಂಬುಗಳು.

ಸಮುದ್ರವಂತೂ ಯಾರ ಮಾತೂ ಕೇಳುವುದಿಲ್ಲ. 1792ರಲ್ಲಿ ಕಟ್ಟಿದ ದೀಪಸ್ತಂಭದ ಬುಡಕ್ಕೇ ಅಲೆ ಬಂತು. 2013ರಲ್ಲಿ ದೀಪ ಆರಿಸಿದರು, 2020ರಲ್ಲಿ ಸ್ತಂಭವನ್ನೇ ಕೆಡವಿದರು. ಪಗೋಡಾಗಳು ಇನ್ನೂ ನಿಂತಿವೆ. ಆ ಕಡೆ ಹೋಗುವವರಿದ್ದರೆ ದೋಣಿಯ ಟಿಕೆಟ್ ಮುಂಚೆಯೇ ಕಾಯ್ದಿರಿಸಿ. ವರ್ಷವಿಡೀ ತೆರೆದಿರುವುದಿಲ್ಲ, ಗಾಳಿಯೂ ಜಾಸ್ತಿ.

ನಮಸ್ಕಾರ.