ಬೆಂಚಿನ ಮೇಲೆ ಕೂತವರು

ಕೇಳುಗರಿಗೆಲ್ಲ ನಮಸ್ಕಾರ.

ನಾನು ತಾಲ್ಲೂಕು ಕಚೇರಿಗಳಲ್ಲೇ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಕೆಲಸದ ಜಾಗದಲ್ಲಿ ಅಧ್ಯಾತ್ಮ, ಸೇವೆ ಅಂದಾಗ ನನಗೆ ತಟ್ಟನೆ ನೆನಪಾಗೋದು ಒಂದು ಆಯುಧಪೂಜೆ. ಅದರಿಂದಲೇ ಶುರು ಮಾಡುತ್ತೇನೆ.

ವಯಸ್ಸಾದವರಿಗೆ ಸರ್ಕಾರ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ ಬಂದು ಒಂದೆರಡು ವರ್ಷ ಆಗಿತ್ತು. ಹಬ್ಬದ ದಿನ ರಜೆ ಇರುತ್ತಲ್ಲ, ಹಾಗಾಗಿ ಹಿಂದಿನ ದಿನವೇ ಕಚೇರಿಯಲ್ಲಿ ಪೂಜೆ. ಬೆಳಿಗ್ಗೆಯೇ ಮೇಜು ಒರೆಸಿದೆವು. ಕಡತಗಳ ಧೂಳು ಹೊಡೆದೆವು. ಬೀರುವಿಗೆ ಅರಿಶಿನ ಕುಂಕುಮ, ಕಂಪ್ಯೂಟರಿಗೆ ವಿಭೂತಿ, ನನ್ನ ಮೇಜಿನ ಮೊಹರಿಗೆ ಒಂದು ಸೇವಂತಿಗೆ. ಸಾಹೇಬರ ಜೀಪಿಗೆ ಬಾಳೆಕಂದು ಕಟ್ಟಿ, ಒಡೆಯೋಕೆ ಬೂದುಗುಂಬಳ ತಂದಿಟ್ಟಿದ್ದೆವು.

ಬಾಗಿಲ ಹತ್ತಿರ ಒಬ್ಬ ಅಜ್ಜಿ ನಿಂತಿದ್ದರು. ಒಳಗೆ ಪೂಜೆ ನಡೀತಿದೆ ಅಂತ ಚಪ್ಪಲಿ ಹೊರಗೇ ಬಿಟ್ಟಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ನನಗೆ ಅವರ ಗುರುತಿತ್ತು. ಪಿಂಚಣಿ ಅರ್ಜಿ ಹಿಡಿದು ಆಗಲೇ ಮೂರು ಸಲ ಬಂದಿದ್ದರು. ಮೊದಲನೇ ಸಲ ರೇಷನ್ ಕಾರ್ಡಿನ ಜೆರಾಕ್ಸ್ ಇಲ್ಲ ಅಂದಿದ್ದೆ. ಎರಡನೇ ಸಲ ಆದಾಯದ ಸರ್ಟಿಫಿಕೇಟ್ ತನ್ನಿ ಅಂದೆ. ಮೂರನೇ ಸಲ, ವಯಸ್ಸಿಗೆ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ ಅಂದೆ. ಮೂರನ್ನೂ ಮೊದಲನೇ ದಿನವೇ ಹೇಳಬಹುದಿತ್ತು, ಅಲ್ವಾ? ನಾನು ತಲೆ ಎತ್ತಿ ನೋಡಿರಲೇ ಇಲ್ಲ.

‘ಏನಜ್ಜಿ?’ ಅಂದೆ.

‘ಪೂಜೆ ಆಗ್ಲಿ ಸ್ವಾಮಿ, ಕಾಯ್ತೀನಿ’ ಅಂದರು.

ಮಂಗಳಾರತಿ ಆಯಿತು. ಅವರ ಕೈಗೂ ಒಂದು ಪುರಿ ಪೊಟ್ಟಣ ಕೊಟ್ಟೆ. ‘ಇವತ್ತು ಏನೂ ಆಗಲ್ಲ, ಹಬ್ಬ ಕಳೆದ ಮೇಲೆ ಬನ್ನಿ’ ಅಂದುಬಿಟ್ಟೆ. ಅಜ್ಜಿ ಆ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದರು. ಅವರ ಅರ್ಜಿ ತೆಗೆದುಕೊಂಡು, ವಹಿಯಲ್ಲಿ ಬರೆದು, ನಂಬರು ಹಾಕಿ ಕೊಡೋಕೆ ಐದು ನಿಮಿಷ ಸಾಕಿತ್ತು. ಆ ಮೊಹರಿನ ಮೇಲಿದ್ದ ಹೂವನ್ನು ಪಕ್ಕಕ್ಕಿಟ್ಟು ಒಂದು ಸಲ ಒತ್ತಿದ್ದರೆ ಆಗುತ್ತಿತ್ತು.

ನಮ್ಮ ಕಚೇರಿಯ ಡಲಾಯತ್, ಅಂದರೆ ಜವಾನ, ಪಕ್ಕದಲ್ಲೇ ಇದ್ದ. ‘ಅವರೂರಿಗೆ ಇರೋದು ದಿನಕ್ಕೆ ಎರಡೇ ಬಸ್ಸು ಸಾರ್’ ಅಂದ. ಬೇರೇನೂ ಅನ್ನಲಿಲ್ಲ.

ಅವತ್ತು ರಾತ್ರಿ ನನಗೆ ನುಲಿಯ ಚಂದಯ್ಯನವರ ಕತೆ ನೆನಪಾಯಿತು. ಚಿಕ್ಕಂದಿನಿಂದ ಕೇಳಿದ ಕತೆಯೇ. ಹನ್ನೆರಡನೇ ಶತಮಾನದ ಶರಣರು. ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸುತ್ತಿದ್ದವರು. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ನೀರಿಗೆ ಬಿತ್ತಂತೆ. ಚಂದಯ್ಯನವರು ಅದಕ್ಕಾಗಿ ನಿಲ್ಲಲಿಲ್ಲ. ಹುಲ್ಲಿನ ಹೊರೆ ಹೊತ್ತು ಹೊರಟೇಬಿಟ್ಟರು. ಹಗ್ಗ ಆಗಬೇಕು, ಮಾರಬೇಕು, ಮನೆಗೆ ಬಂದವರು ಉಣ್ಣಬೇಕು. ಕೊನೆಗೆ ಲಿಂಗವೇ ಅವರ ಹಿಂದೆ ಬಂತಂತೆ. ಬಂದರೂ ಅವರು ಸುಲಭಕ್ಕೆ ಒಪ್ಪಲಿಲ್ಲ, ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಬೇಕಾಯಿತು ಅನ್ನುತ್ತದೆ ಕತೆ. ಚಂದಯ್ಯನವರು ಪೂಜೆ ಬಿಟ್ಟು ಹಸಿದವರ ಕಡೆ ನಡೆದರು. ನಾನು ಅಜ್ಜಿಯನ್ನು ಬಿಟ್ಟು ಪೂಜೆಯ ಕಡೆ ನಡೆದಿದ್ದೆ.

ಆಯುಧಪೂಜೆ ಬೇಡ ಅಂತ ನಾನು ಹೇಳುತ್ತಿಲ್ಲ. ನನಗೆ ಆ ಹಬ್ಬ ಅಂದರೆ ಈಗಲೂ ಪ್ರಾಣ. ಅನ್ನ ಕೊಡೋ ಸಾಮಾನಿಗೆ ಕೈ ಮುಗಿಯೋದು ದೊಡ್ಡ ಗುಣ. ಈಗ ಎಷ್ಟೋ ಕಚೇರಿಗಳಲ್ಲಿ ಯೋಗ, ಧ್ಯಾನದ ತರಗತಿ ಇರುತ್ತೆ, ಅದೂ ಒಳ್ಳೆಯದೇ. ಆದರೆ ಮೊಹರು ಇರೋದು ಯಾರಿಗಾಗಿ? ಹೊರಗೆ ಬೆಂಚಿನ ಮೇಲೆ ಕೂತವರಿಗಾಗಿ.

ವಿಧಾನಸೌಧದ ಹಣೆ ಮೇಲೆ ಬರೆದಿರೋದನ್ನು ನೀವೆಲ್ಲ ನೋಡಿರುತ್ತೀರಿ. ‘ಸರ್ಕಾರದ ಕೆಲಸ ದೇವರ ಕೆಲಸ’. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದಾಗ ಎದ್ದ ಕಟ್ಟಡ, 1956ರಲ್ಲಿ ಮುಗಿಯಿತು. ಕೆಲಸ ದೇವರದ್ದು ಅಂದಮೇಲೆ ಅರ್ಜಿ ಹಿಡಿದು ಬಂದವರು ಯಾರು ಅನ್ನೋದನ್ನ ನಾವೇ ತಿಳಿದುಕೊಳ್ಳಬೇಕು.

ಆಮೇಲೆ ಸಕಾಲ ಬಂತು. 2011ರ ಕಾನೂನು, 2012ರ ಏಪ್ರಿಲ್‌ನಿಂದ ರಾಜ್ಯಕ್ಕೆಲ್ಲ. ಇಂತಿಷ್ಟು ದಿನದಲ್ಲಿ ಕೆಲಸ ಆಗಲೇಬೇಕು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ. ನಾನು ಅದನ್ನು ಮನಸಾರೆ ಸ್ವಾಗತಿಸಿದವನು. ದಿನ ಎಣಿಸೋಕೆ ಶುರುವಾದ ಮೇಲೆ ಎಷ್ಟೋ ಕಡತ ತಾನಾಗೇ ಮೇಲೆದ್ದವು. ಆದರೆ ಬಂದವರನ್ನು ‘ಕೂತ್ಕೊಳ್ಳಿ’ ಅನ್ನೋದು ಯಾವ ಕಾನೂನಿನಿಂದಲೂ ಬರಲ್ಲ.

ಅದು ನಮ್ಮ ಡಲಾಯತ್‌ಗೆ ಮೊದಲಿಂದಲೂ ಗೊತ್ತಿತ್ತು. ಅವನು ಒಳಗೆ ಬರುವಾಗ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅದಷ್ಟೇ ಅವನ ಪೂಜೆ. ಆಮೇಲೆ ಹೊರಗಿನ ಮಣ್ಣಿನ ಹೂಜಿಗೆ ನೀರು ತುಂಬಿಸುತ್ತಿದ್ದ. ನಮ್ಮ ಕಚೇರಿ ಜಗಲಿಗೆ ಮಧ್ಯಾಹ್ನದ ಮೇಲೆ ಬಿಸಿಲು ಬೀಳುತ್ತಿತ್ತು. ಎರಡು ಗಂಟೆ ಆಯ್ತು ಅಂದರೆ ಬೆಂಚನ್ನು ಎಳೆದು ಬೇವಿನ ಮರದ ನೆರಳಿಗೆ ಹಾಕುತ್ತಿದ್ದ. ಸಂಜೆ ಮತ್ತೆ ಜಗಲಿಗೆ. ದಿನಾ. ಯಾರೂ ಹೇಳಿರಲಿಲ್ಲ. ಓದು ಬಾರದವರಿಗೆ ಗೋಡೆ ಮೇಲಿನ ನೋಟಿಸ್ ಓದಿ ಹೇಳುತ್ತಿದ್ದ. ಅಷ್ಟು ವರ್ಷ ಆ ಬೆಂಚು ಎಳೆಯೋ ಸದ್ದು ನನಗೆ ಕಿರಿಕಿರಿ ಅನ್ನಿಸುತ್ತಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಕಾಯಕ, ಸೇವೆ ಅನ್ನೋ ಮಾತನ್ನು ಕೆಲವು ಕಡೆ ಕಡಿಮೆ ಸಂಬಳಕ್ಕೆ ಜಾಸ್ತಿ ದುಡಿಸಿಕೊಳ್ಳೋಕೆ ಬಳಸುತ್ತಾರೆ. ಅದು ತಪ್ಪು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವರ ಹೆಂಡತಿ ಲಕ್ಕಮ್ಮನವರು ಹೆಚ್ಚಿನದನ್ನು ವಾಪಸ್ ಕೊಟ್ಟು ಬನ್ನಿ ಅಂದರು. ಅಕ್ಕಿಯೇ ಬೇಡ ಅನ್ನಲಿಲ್ಲ. ದುಡಿದವರಿಗೆ ಅವರ ಪಾಲು ಸೇರಲೇಬೇಕು. ನಾಲ್ಕು ಜನ ಮಾಡೋ ಕೆಲಸ ಇಬ್ಬರ ತಲೆ ಮೇಲೆ ಬಿದ್ದರೆ ಎಂಥ ಒಳ್ಳೆಯವರೂ ಸಿಡುಕುತ್ತಾರೆ. ಖಾಲಿ ಹುದ್ದೆ ತುಂಬೋದೂ ಸೇವೆಯೇ. ಅದು ಮೇಲೆ ಕೂತವರು ಮಾಡಬೇಕಾದ ಸೇವೆ.

ನಾನು ಮಾಡಿದ್ದು ಸಣ್ಣದು. ಹಬ್ಬ ಮುಗಿದು ಕಚೇರಿ ತೆರೆದ ದಿನ, ಯಾವ ಅರ್ಜಿಗೆ ಏನೇನು ಕಾಗದ ಬೇಕು ಅಂತ ದಪ್ಪ ಅಕ್ಷರದಲ್ಲಿ ಚೀಟಿ ಬರೆದೆ. ಜೆರಾಕ್ಸ್ ಮಾಡಿಸಿ ಮೇಜಿನ ಮೇಲಿಟ್ಟೆ. ಬಂದವರಿಗೆ ಮೊದಲನೇ ದಿನವೇ ಒಂದು ಚೀಟಿ. ಒಳಗಿದ್ದ ಒಂದು ಹಳೇ ಕುರ್ಚಿ ತಂದು ನನ್ನ ಮೇಜಿನ ಪಕ್ಕ ಹಾಕಿದೆ.

ಅಜ್ಜಿ ಬಂದದ್ದು ಅದರ ಮುಂದಿನ ವಾರ. ಮತ್ತೆ ಬಾಗಿಲ ಹತ್ತಿರವೇ ನಿಂತರು. ಎದ್ದು ಹೋಗಿ ಕರೆದುಕೊಂಡು ಬಂದು ಆ ಕುರ್ಚಿಯಲ್ಲಿ ಕೂರಿಸಿದೆ. ಕವರ್ ಬಿಚ್ಚಿ ಕಾಗದಗಳನ್ನು ಒಂದೊಂದೇ ಕೊಟ್ಟರು. ಎಲ್ಲ ಸರಿಯಿತ್ತು. ವಹಿಯಲ್ಲಿ ಬರೆದು, ಮೊಹರು ಒತ್ತಿ, ನಂಬರು ಬರೆದ ಚೀಟಿ ಕೈಗಿಟ್ಟೆ.

‘ನಾಳೆ ಬರ್ಬೇಕಾ ಸ್ವಾಮಿ?’ ಅಂದರು.

‘ಬೇಡಮ್ಮ. ನಿಮ್ಮ ಕೈಲಿ ಆಗೋದೆಲ್ಲ ಆಯ್ತು. ಇನ್ನು ನಮ್ಮ ಕೆಲಸ.’

ಅವರು ಹೋಗಲಿಲ್ಲ. ಹೊರಗೆ ಬೇವಿನ ನೆರಳಲ್ಲಿ ಬೆಂಚಿನ ಮೇಲೆ, ಆ ಚೀಟಿ ಹಿಡಿದುಕೊಂಡು, ಬಸ್ಸಿನ ಹೊತ್ತಾಗೋವರೆಗೂ ಕೂತೇ ಇದ್ದರು.

ನಮಸ್ಕಾರ.